ಇಯರ್‌ಫೋನ್‌ಗಿಂತ ಮೊದಲು ಕಂಪ್ಯೂಟರ್ ಅಳೆಯಿರಿ

ಕೇಳುಗರಿಗೆ ನಮಸ್ಕಾರ.

ಇಯರ್‌ಫೋನ್ ಕೊಳ್ಳುವ ಮುಂಚೆ, ಅದು ಯಾವ ಸದ್ದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಅಂತ ತೋರಿಸುವ ಗ್ರಾಫ್ ನೋಡುವವರು ಈಗ ಜಾಸ್ತಿ. ಆ ಗ್ರಾಫನ್ನು ಮನೆಯಲ್ಲೇ ತೆಗೆಯುವವರೂ ಇದ್ದಾರೆ. ಬೇಕಾದ್ದು ಇಷ್ಟೇ: ಒಂದು ಲ್ಯಾಪ್‌ಟಾಪ್, ಕಿವಿಯ ನಾಳದಂತೆ ಕೆಲಸ ಮಾಡುವ ಕಪ್ಲರ್ ಎಂಬ ಸಣ್ಣ ಲೋಹದ ಕೊಳವೆ, ಅದರೊಳಗೊಂದು ಮೈಕ್, ಜೊತೆಗೆ ರೂಮ್ ಇಕ್ಯೂ ವಿಝರ್ಡ್‌ನಂಥ ಉಚಿತ ಸಾಫ್ಟ್‌ವೇರ್. ಅದು ತೀರಾ ದಪ್ಪ ದನಿಯ 20 ಹರ್ಟ್ಸ್‌ನಿಂದ ತೀರಾ ಕೀಚಲು ದನಿಯ 20,000 ಹರ್ಟ್ಸ್‌ವರೆಗೆ ಏರುತ್ತಾ ಹೋಗುವ ಸದ್ದನ್ನು ಇಯರ್‌ಫೋನ್‌ಗೆ ಕಳಿಸುತ್ತದೆ. ಮೈಕ್‌ಗೆ ಕೇಳಿಸಿದ್ದನ್ನು ಗೆರೆಯಾಗಿ ತೋರಿಸುತ್ತದೆ.

ಗೆರೆ ಅಡ್ಡಾದಿಡ್ಡಿಯಾಗಿ ಬಂತು ಅನ್ನಿ. ಬೈಗುಳ ತಿನ್ನುವುದು ಇಯರ್‌ಫೋನೇ. ಆದರೆ ಸಾಮಾನು ತೂಗುವ ಮುಂಚೆ ಖಾಲಿ ತಕ್ಕಡಿ ಸಮ ನಿಲ್ಲುತ್ತದಾ ಅಂತ ನೋಡಬೇಕಲ್ವಾ? ಇಲ್ಲೂ ಹಾಗೆ. ಹೆಡ್‌ಫೋನ್ ಕಿಂಡಿಯಿಂದ, ಸದ್ದನ್ನು ಒಳಗೆ ತೆಗೆದುಕೊಳ್ಳುವ ಲೈನ್‌-ಇನ್ ಕಿಂಡಿಗೆ ನೇರವಾಗಿ ಒಂದು ವೈರ್ ಹಾಕಿ, ವಾಲ್ಯೂಮ್ ಕಡಿಮೆ ಇಟ್ಟು, ಅದೇ ಸದ್ದನ್ನು ಓಡಿಸಿ. ಇದಕ್ಕೆ ಲೂಪ್‌ಬ್ಯಾಕ್ ಅನ್ನುತ್ತಾರೆ. ಗೆರೆ ಹೆಚ್ಚುಕಮ್ಮಿ ನೇರ ಬರಬೇಕು. ಎರಡಕ್ಕೂ ಒಂದೇ ಕಿಂಡಿ ಇರುವ ಲ್ಯಾಪ್‌ಟಾಪ್ ಆದರೆ, ಎರಡೂ ಕಿಂಡಿ ಬೇರೆ ಬೇರೆ ಇರುವ, ಹೊರಗಿನಿಂದ ಜೋಡಿಸುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಬೇಕಾಗುತ್ತದೆ.

ನೇರ ಬರದಿದ್ದರೆ ನನ್ನ ಮೊದಲ ಅನುಮಾನ ಮೈಕ್ ಸೆಟ್ಟಿಂಗ್ ಮೇಲೆ. ಕಂಪ್ಯೂಟರ್‌ಗೆ ಗೊತ್ತಿರುವುದು ವಿಡಿಯೋ ಕಾಲ್. ಮನುಷ್ಯರ ಮಾತನ್ನು ಉಳಿಸಿ, ಫ್ಯಾನ್ ಸದ್ದಿನಂಥದ್ದನ್ನು ಅಳಿಸುವ ವ್ಯವಸ್ಥೆ ಅದರಲ್ಲಿರುತ್ತದೆ. ನಮ್ಮ ಪರೀಕ್ಷೆಯ ಸದ್ದೂ ಅದಕ್ಕೆ ಗಲಾಟೆಯೇ, ಸುಮ್ನೆ ಅಳಿಸಿಬಿಡುತ್ತದೆ! ಇನ್ನೊಂದಿದೆ: ಸಣ್ಣ ಸದ್ದನ್ನು ಏರಿಸಿ, ದೊಡ್ಡದನ್ನು ಇಳಿಸುವ ಆಟೋ ಗೇನ್. ಇದು ಇನ್ನೂ ಕಿಲಾಡಿ. ಉಬ್ಬುತಗ್ಗುಗಳನ್ನೆಲ್ಲ ತಟ್ಟಿ ಸಮ ಮಾಡಿ, ಸಾಧಾರಣ ಇಯರ್‌ಫೋನ್‌ಗೂ ಚೆಂದದ ಗ್ರಾಫ್ ಕೊಡುತ್ತದೆ. ಗ್ರಾಫ್ ಚೆಂದ ಬಂದರೆ ಯಾರು ತಾನೇ ಅನುಮಾನ ಪಡುತ್ತಾರೆ?

ಪತ್ತೆ ಹಚ್ಚುವುದು ಸುಲಭ. ಸಾಫ್ಟ್‌ವೇರ್‌ನಲ್ಲೇ ಸದ್ದನ್ನು 10 ಡೆಸಿಬೆಲ್ ಇಳಿಸಿ ಮತ್ತೆ ಅಳೆಯಿರಿ. ಇಡೀ ಗೆರೆ 10 ಡೆಸಿಬೆಲ್ ಕೆಳಗೆ ಬರಬೇಕು, ಆಕಾರ ಹಾಗೇ ಇರಬೇಕು. ಆಕಾರ ಬದಲಾದರೆ ನಡುವೆ ಯಾರೋ ಕೈಯಾಡಿಸುತ್ತಿದ್ದಾರೆ. ವಿಂಡೋಸ್‌ನಲ್ಲಿ ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ, ಮೈಕ್‌ಗೂ ಸ್ಪೀಕರ್‌ಗೂ ಆಡಿಯೋ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ. ಲ್ಯಾಪ್‌ಟಾಪ್ ಜೊತೆಗೇ ಬಂದ ಸೌಂಡ್ ಆ್ಯಪ್ ಇದ್ದರೆ ಅದರೊಳಗೂ ಇಣುಕಿ. ಒಂದು ಕಡೆ ಆರಿಸಿದ್ದು ಇನ್ನೊಂದು ಕಡೆ ಉರಿಯುತ್ತಿರುತ್ತದೆ.

ಗೆರೆ 8,000 ಹರ್ಟ್ಸ್ ಹತ್ತಿರ ಕಡಿದು ಬಿದ್ದಂತೆ ನಿಂತಿದೆಯಾ? ಸ್ಯಾಂಪಲ್ ರೇಟ್, ಅಂದ್ರೆ ಕಂಪ್ಯೂಟರ್ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದನ್ನು ನೋಡಿ, 16,000 ಇರಬಹುದು. ಅದರ ಅರ್ಧದಷ್ಟು ಹರ್ಟ್ಸ್‌ವರೆಗೆ ಮಾತ್ರ ಕಂಪ್ಯೂಟರ್ ಸದ್ದು ಹಿಡಿಯಬಲ್ಲದು. ಬ್ಲೂಟೂತ್ ಹೆಡ್‌ಸೆಟ್‌ನ ಮೈಕ್ ಆನ್ ಆದಾಗ ಹೀಗಾಗುವುದುಂಟು. ಸದ್ದು ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಸ್ಯಾಂಪಲ್ ರೇಟ್ 48,000 ಇಡಿ. 50, 100, 150 ಹರ್ಟ್ಸ್‌ನಲ್ಲಿ ಗೆರೆ ಮೊಳೆಯಂತೆ ಎದ್ದಿದ್ದರೆ ಅದು ಕರೆಂಟಿನ ಗುಂಯ್‌ಗುಡುವಿಕೆ. ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಅಳೆದು ನೋಡಿ.

ಲೂಪ್‌ಬ್ಯಾಕ್ ನೇರವಾಗಿದ್ದೂ ಬಾಸ್ ಮಾತ್ರ ಕುಸಿದಿದ್ದರೆ ಕಂಪ್ಯೂಟರನ್ನು ಬಿಟ್ಟುಬಿಡಿ. ಇಯರ್‌ಫೋನ್‌ನ ರಬ್ಬರ್ ತುದಿ ಕಪ್ಲರ್‌ಗೆ ಬಿಗಿಯಾಗಿ ಕೂತಿಲ್ಲ, ಗಾಳಿ ಸೋರುತ್ತಿದೆ. ತೆಗೆದು ಮತ್ತೆ ಒತ್ತಿ ಕೂರಿಸಿ. ಪ್ರತಿ ಸಲವೂ ಬಾಸ್ ಬೇರೆ ಬೇರೆ ಬಂದರೆ ತುದಿಯ ಅಳತೆ ಬದಲಿಸಿ.

ನಮಸ್ಕಾರ.