ದಾರ ಒಳಗಿದೆ, ಕ್ರೀಮು ಹೊರಗಿದೆ

ನಮಸ್ಕಾರ. ಇವತ್ತು ಫಿಲ್ಟರ್ ಕಾಫಿ ಬಗ್ಗೆ ಮಾತಾಡಬೇಕಿತ್ತು. ಬರೆದೂ ಇಟ್ಟಿದ್ದೆ. ಅಷ್ಟರಲ್ಲಿ ಹೋದ ವಾರದ ವಿಡಿಯೊಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ: "ಅಕ್ಕಾ, ಸೆಲ್ಯುಲೈಟ್ ಕ್ರೀಮ್ ಕೆಲಸ ಮಾಡಲ್ಲ ಅಂತ ಸುಮ್ನೆ ಹೇಳಬೇಡಿ. ಅದರಲ್ಲಿ ಕೆಫೀನ್ ಇದೆ."

ಕೆಫೀನ್ ಇದೆಯಂತೆ! ನನ್ನ ಲೋಟದಲ್ಲೂ ಇದೆ.

ಸೆಲ್ಯುಲೈಟ್ ಅಂದರೆ ತೊಡೆಯ ಮೇಲೆ, ಹಿಂಭಾಗದಲ್ಲಿ ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿಯಾಗಿರುತ್ತದಲ್ಲ, ಅದು. ಮೈನೆರೆದ ಹೆಂಗಸರಲ್ಲಿ ನೂರಕ್ಕೆ 80ರಿಂದ 90 ಮಂದಿಗೆ ಇರುತ್ತದೆ. ತೆಳ್ಳಗಿರುವವರಿಗೂ ಇರುತ್ತದೆ. ಇಷ್ಟು ಜನಕ್ಕೆ ಇರುವುದನ್ನು ಕಾಯಿಲೆ ಅಂದರೆ ಹೊಕ್ಕುಳೂ ಕಾಯಿಲೆಯೇ. ಫ್ರೆಂಚರ ಈ ಪದವನ್ನು 1968ರಲ್ಲಿ ವೋಗ್ ಪತ್ರಿಕೆ ಅಮೆರಿಕದ ಹೆಂಗಸರಿಗೆ ಪರಿಚಯ ಮಾಡಿಕೊಟ್ಟಿತು. ಅಲ್ಲಿಂದ ಶುರು, ಉಜ್ಜೋದು.

ಅಜ್ಜಿ ಮನೆಯ ಹತ್ತಿ ಹಾಸಿಗೆ ನೆನಪಿದೆಯಾ? ಹತ್ತಿ ಒಂದೇ ಕಡೆ ಮುದ್ದೆಯಾಗದಿರಲಿ ಅಂತ ಮೇಲಿಂದ ಕೆಳಗೆ ದಾರ ಬಿಗಿದು ಅಲ್ಲಲ್ಲಿ ಗಂಟು ಹಾಕಿರುತ್ತಾರೆ. ಗಂಟು ಇದ್ದಲ್ಲಿ ಗುಳಿ, ನಡುವೆ ಉಬ್ಬು. ಮೈಯಲ್ಲೂ ಅಷ್ಟೇ. ನಾರಿನ ಎಳೆಗಳು ಚರ್ಮವನ್ನು ಕೆಳಕ್ಕೆ ಎಳೆದು ಹಿಡಿದಿರುತ್ತವೆ, ಎಳೆಗಳ ನಡುವಿನ ಕೊಬ್ಬು ಮೇಲಕ್ಕೆ ಒತ್ತುತ್ತದೆ. ಹೆಂಗಸರಲ್ಲಿ ಈ ಎಳೆಗಳು ನೆಟ್ಟಗೆ, ಗಂಡಸರಲ್ಲಿ ಅಡ್ಡಡ್ಡ ಹೆಣೆದ ಬಲೆಯ ಹಾಗೆ. ಅದಕ್ಕೇ ಗಂಡಸರಿಗೆ ಇದು ಅಪರೂಪ. ಅವರ ಗೋಳಿಗೆ ಬೇರೆ ಸಂಚಿಕೆ ಇದೆ, ಕೂದಲ ಎಣ್ಣೆ ಬಗ್ಗೆ ಮಾಡಿದ್ದು, ನೋಡದವರು ನೋಡಿ.

ಈಗ ಹೇಳಿ, ಹಾಸಿಗೆ ಮೇಲೆ ಬೆಣ್ಣೆ ಸವರಿದರೆ ಒಳಗಿನ ದಾರ ಬಿಚ್ಚುತ್ತದೆಯಾ? ದಾರ ಒಳಗಿದೆ, ಕ್ರೀಮು ಹೊರಗಿದೆ.

"ಹಚ್ಚಿದ ಮೇಲೆ ಬಿಗಿಯಾಯಿತು" ಅಂತೀರಾ? ಆಗಿರಬಹುದು. ಕೆಫೀನ್‌ನಿಂದ ಸ್ವಲ್ಪ ಹೊತ್ತು ಹಾಗೆ ಕಾಣಿಸುತ್ತದೆ. ರೆಟಿನಾಲ್, ಅಂದರೆ ಎ ವಿಟಮಿನ್‌ನ ಒಂದು ರೂಪ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತುಸು ದಪ್ಪವಾಗಿ ಗುಳಿ ಅಷ್ಟು ಎದ್ದು ಕಾಣದೆ ಇರಬಹುದು. ಇನ್ನು ಉಜ್ಜಿ ಉಜ್ಜಿ ಚರ್ಮ ಊದಿಕೊಂಡರೂ ಗುಳಿ ಮುಚ್ಚಿದ ಹಾಗೆ ಕಾಣುತ್ತದೆ. ಅದು ನಿಮ್ಮ ಕೈಯ ಕೆಲಸ. ಕೈ ಪುಕ್ಕಟೆ ಸಿಗುತ್ತದೆ, ಅಲ್ವಾ? ಊತ ಇಳಿದ ಮೇಲೆ ನೋಡಿ. ದಾರ ಒಳಗೇ ಇದೆ!

"ದೊಡ್ಡ ಕಂಪನಿಯವರು ಸುಳ್ಳು ಹೇಳುತ್ತಾರಾ?" ಅಯ್ಯೋ, ಪಾಪ. ನಿವಿಯಾದ ಒಂದು ಕ್ರೀಮು ದಿನಾ ಹಚ್ಚಿದರೆ ಮೈಯ ಅಳತೆ ಇಳಿಯುತ್ತದೆ ಅಂತ ಜಾಹೀರಾತು ಬಂತು. ಸುಳ್ಳು ಜಾಹೀರಾತುಗಳನ್ನು ವಿಚಾರಿಸಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ, ಫೆಡರಲ್ ಟ್ರೇಡ್ ಕಮಿಷನ್, ತಗಾದೆ ತೆಗೆಯಿತು. 2011ರಲ್ಲಿ ಕಂಪನಿ 9 ಲಕ್ಷ ಡಾಲರ್ ಕಟ್ಟಲು ಒಪ್ಪಿತು. 2014ರಲ್ಲಿ ಫ್ರಾನ್ಸಿನ ಸೌಂದರ್ಯವರ್ಧಕ ಕಂಪನಿ ಲೋಕ್ಸಿತಾನ್ ಸರದಿ. ಬಾದಾಮಿ ಕ್ರೀಮು, ಸೆಲ್ಯುಲೈಟ್ ಹೋಗುತ್ತದೆ, ಇಂಚು ಇಳಿಯುತ್ತದೆ. ಕಟ್ಟಲು ಒಪ್ಪಿದ್ದು ನಾಲ್ಕೂವರೆ ಲಕ್ಷ ಡಾಲರ್. ನಮ್ಮನೆಯಲ್ಲಿ ಬಾದಾಮಿಯನ್ನು ಹಾಲಿಗೆ ಹಾಕುತ್ತಾರೆ.

ದಾರಕ್ಕೇ ಕೈ ಹಾಕಿದವರೂ ಇದ್ದಾರೆ. ಆ ಎಳೆ ಸಡಿಲಿಸುವ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಚರ್ಮ ಕಪ್ಪಗೆ ಕಂದುತ್ತದೆ ಅಂತ 2022ರಲ್ಲಿ ತಯಾರಕರೇ ನಿಲ್ಲಿಸಿದರು. ಸೂಜಿ ಚುಚ್ಚಿದರೂ ಇಷ್ಟು ಕಷ್ಟ! ಈ ಕ್ರೀಮಿನವರದು ಡಬ್ಬಿ, ಮುಚ್ಚಳ, ಮೇಲೊಂದು ಎಲೆಯ ಚಿತ್ರ.

ಈ ಸಂಚಿಕೆಗೆ ಸ್ಪಾನ್ಸರ್ ಇಲ್ಲ. ಇನ್ನು ಮೇಲೆ ಬರೋದೂ ಇಲ್ಲ ಅನ್ನಿಸುತ್ತದೆ. ಆದ್ದರಿಂದ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. "ದಾರ ಒಳಗಿದೆ" ಅಂತ ಬರೆದ ಕಾಫಿ ಮಗ್ ಮಾಡಿಸುತ್ತಿದ್ದೇನೆ. ಬೇಕಾದವರು ಹೇಳಿ. ತಮಾಷೆ ಅಲ್ಲ, ನಿಜವಾಗಿಯೂ ಮಾಡಿಸುತ್ತಿದ್ದೇನೆ.

"ಮೊದಲು-ಆಮೇಲೆ ಫೋಟೊ ಇದೆಯಲ್ಲ?" ಲೈಟ್ ಬದಲಿಸಿದ್ದಾರೆ ಕಣ್ರೀ! "ನಮ್ಮ ಅತ್ತಿಗೆಗೆ ಕೆಲಸ ಮಾಡಿತು." ಅತ್ತಿಗೆಯವರಿಗೆ ನಮಸ್ಕಾರ. ದಾರ ಒಳಗಿದೆ. "ಆಯುರ್ವೇದದ್ದು ಆದರೆ?" ಒಳಗಿದೆ. "ತೆಂಗಿನೆಣ್ಣೆ?" ಒಳಗಿದೆ ಅಂದೆನಲ್ಲ! ತೆಂಗಿನೆಣ್ಣೆ ತಲೆಗೆ ಹಚ್ಚಿಕೊಳ್ಳಿ, ಸ್ವಲ್ಪ ನನಗೂ ಕಳಿಸಿ, ತಲೆ ಕಾದಿದೆ.

ನೋಡಿ, ಇಷ್ಟು ಹೊತ್ತಿಗೆ ಕಾಫಿ ಆರಿಹೋಯಿತು. ಕೆಫೀನ್ ಮಾತ್ರ ಹಾಗೇ ಇದೆ. ಬೇಕಾದವರು ತೊಡೆಗೆ ಸುರಿದುಕೊಳ್ಳಿ.