ಹಳೆಯ ರೇಡಿಯೊದಲ್ಲಿ ಶಾರ್ಟ್‌ವೇವ್ ಹಿಡಿಯುವ ಬಗೆ

ಕೇಳುಗರಿಗೆ ನಮಸ್ಕಾರ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಊರು ನಮ್ಮ ಮೈಸೂರು. ಇಲ್ಲಿ ಅಟ್ಟದ ಮೇಲಿರುವ ವಾಲ್ವ್ (ಗಾಜಿನ ಬುರುಡೆಯ) ಸೆಟ್ಟುಗಳು ಇನ್ನೂ ಹಾಡಬಲ್ಲವು. ಶಾರ್ಟ್‌ವೇವ್‌ನಲ್ಲಿ ಮಾತ್ರ ತಿರುಗಣೆ ಕೂದಲೆಳೆಯಷ್ಟು ಅಲುಗಿದರೂ ಸ್ಟೇಷನ್ ತಪ್ಪಿಹೋಗುತ್ತದೆ.

ಕಾರಣ ಲೆಕ್ಕದಲ್ಲಿದೆ. 6ರಿಂದ 18 ಮೆಗಾಹರ್ಟ್ಸ್‌ವರೆಗಿನ ಹರವನ್ನು ಗ್ಯಾಂಗ್ ಕಂಡೆನ್ಸರ್, ಅಂದರೆ ಸ್ಟೇಷನ್ ಬದಲಿಸುವ ತಿರುಗು ತಗಡುಗಳ ಜೋಡಿ, ಅರ್ಧ ಸುತ್ತಿನಲ್ಲಿ ಮುಗಿಸುತ್ತದೆ. ಒಂದು ಡಿಗ್ರಿಗೆ ಸರಾಸರಿ 67 ಕಿಲೋಹರ್ಟ್ಸ್. ಸ್ಟೇಷನ್ನುಗಳ ನಡುವೆ ಇರುವುದೋ ಬರೀ 5!

ಮೊದಲು ತಿರುಗಣೆಯಿಂದ ಗ್ಯಾಂಗನ್ನು ತಿರುಗಿಸುವ ಡಯಲ್ ದಾರ ನೋಡಿ. ಸಡಿಲವಾಗಿ ಜಾರುತ್ತಿದ್ದರೆ ಮುಂದಿನ ಕೆಲಸವೆಲ್ಲ ದಂಡ. ಹೆಣೆದ ಗಾಳದ ದಾರ ಹಾಕಿ. ಒಂಟಿ ಎಳೆಯ ನೈಲಾನ್ ಜಾರುತ್ತದೆ.

ಆಮೇಲೆ ಆಸಿಲೇಟರಿಗೆ, ಅಂದರೆ ಯಾವ ಸ್ಟೇಷನ್ ಕೇಳಬೇಕೆಂದು ನಿರ್ಧರಿಸುವ ಒಳಗಿನ ಕಂಪನ ಭಾಗಕ್ಕೆ, ತಿರುಗುವ ಒಂದು ಪುಟ್ಟ ಕಂಡೆನ್ಸರ್ ಸೇರಿಸಿ. ನಾಜೂಕಾಗಿ ಹೊಂದಿಸಲು ಇದೇ ಹೊಸ ತಿರುಗಣೆ. ಏರಿಯಲ್ ಕಡೆಯ ಸುರುಳಿಯನ್ನು ಮುಟ್ಟಬೇಕಿಲ್ಲ. ಅದರ ಹರವು ಅಗಲ, ಇಷ್ಟು ಸಣ್ಣ ಬದಲಾವಣೆ ಅದಕ್ಕೆ ಗೊತ್ತಾಗುವುದೇ ಇಲ್ಲ. ಕೆಟ್ಟ ಪಾಕೆಟ್ ರೇಡಿಯೊದ ಗ್ಯಾಂಗಿನಲ್ಲಿರುವ ಎಫ್‌ಎಂ ಭಾಗ, ಸುಮಾರು 20 ಪಿಕೋಫ್ಯಾರಡ್ (ಕಂಡೆನ್ಸರಿನ ಅಳತೆ), ಸಾಕು. ಅದಕ್ಕೆ ಸರಣಿಯಲ್ಲಿ 6.8 ಪಿಕೋಫ್ಯಾರಡ್‌ನ, 500 ವೋಲ್ಟಿನ ಮೈಕಾ ಕಂಡೆನ್ಸರ್ ಹಾಕಿ. ಸಾಮಾನ್ಯ ಸೆರಾಮಿಕ್ ಬೇಡ. ಸೆಟ್ಟು ಕಾದಂತೆ ಸ್ಟೇಷನ್ ಜರುಗುತ್ತದೆ. ಮೈಕಾದ ತುದಿಯನ್ನು ಬ್ಯಾಂಡ್ ಸ್ವಿಚ್ ದಾಟಿದ ಮೇಲೆ, ಶಾರ್ಟ್‌ವೇವ್ ಆಸಿಲೇಟರ್ ಸುರುಳಿಗೇ ಬೆಸೆಯಿರಿ. ಗ್ಯಾಂಗಿಗೇ ಬೆಸೆದರೆ ಮೀಡಿಯಂ ವೇವ್ ಡಯಲೂ ಕೆಡುತ್ತದೆ. ತಿರುಗುವ ದಂಡದ ಬದಿ ಚಾಸಿಗೆ (ಸೆಟ್ಟಿನ ಲೋಹದ ತಳಕ್ಕೆ) ಸೇರಲಿ. ತಿರುವುಮುರುವಾದರೆ ಕೈ ಹತ್ತಿರ ತಂದೊಡನೆ ಸ್ಟೇಷನ್ ಓಡುತ್ತದೆ. ತಂತಿ ಎರಡು ಇಂಚು ಮೀರದಿರಲಿ.

ಈಗ 31 ಮೀಟರ್ ಬ್ಯಾಂಡಿನಲ್ಲಿ ಹೊಸ ತಿರುಗಣೆ ಸುಮಾರು 50 ಕಿಲೋಹರ್ಟ್ಸ್ ಸರಿಸುತ್ತದೆ. ಅಂದರೆ ಹತ್ತು ಸ್ಟೇಷನ್ನುಗಳ ಜಾಗ, ಕೈಗೆ ಹಿತವಾದ ಅಳತೆ. 49 ಮೀಟರಿನಲ್ಲಿ 15 ಮಾತ್ರ. 19ರಲ್ಲಿ 200ರಷ್ಟಾಗುವುದರಿಂದ ಅಲ್ಲಿ ಇನ್ನೂ ನಾಜೂಕಾಗಿಯೇ ತಿರುಗಿಸಬೇಕು.

ದಯವಿಟ್ಟು ಗಮನಿಸಿ: ಟ್ರಾನ್ಸ್‌ಫಾರ್ಮರ್ ಇಲ್ಲದ ಏಸಿ-ಡೀಸಿ ಸೆಟ್ಟಿನಲ್ಲಿ ಚಾಸಿಗೇ ಕರೆಂಟಿರಬಹುದು, ಹೊಸ ದಂಡವೂ ಹೊಡೆದೀತು. ಅಂಥ ಸೆಟ್ಟಿಗೆ ಈ ಕೆಲಸ ಬೇಡ. ಉಳಿದವುಗಳಲ್ಲೂ ಪ್ಲಗ್ ಕಿತ್ತು, ಫಿಲ್ಟರ್ ಕಂಡೆನ್ಸರನ್ನು ರೆಸಿಸ್ಟರಿನ ಮೂಲಕ ಖಾಲಿಮಾಡಿದ ಮೇಲೆಯೇ ಒಳಗೆ ಕೈಹಾಕಿ.

ಕೊನೆಗೆ ಡಯಲ್ ಸರಿಪಡಿಸಬೇಕು. ಸೆಟ್ಟು ಹಾಕಿ 20 ನಿಮಿಷ ಕಾಯಲು ಬಿಡಿ. ಹೊಸ ತಿರುಗಣೆಯನ್ನು ನಡುವೆ ನಿಲ್ಲಿಸಿ, ತುದಿ ಚಪ್ಪಟೆ ಮಾಡಿದ ಬಿದಿರು ಕಡ್ಡಿಯಿಂದ ಶಾರ್ಟ್‌ವೇವ್ ಆಸಿಲೇಟರ್ ಟ್ರಿಮ್ಮರನ್ನು (ತಿರುಪಿನಿಂದ ಹೊಂದಿಸುವ ಪುಟ್ಟ ಕಂಡೆನ್ಸರನ್ನು) ತುಸು ಬಿಚ್ಚುತ್ತ ಬನ್ನಿ, 19 ಮೀಟರಿನ ಗೊತ್ತಿರುವ ಸ್ಟೇಷನ್ ತನ್ನ ಗುರುತಿನ ಮೇಲೆ ಬಂದು ನಿಲ್ಲುವವರೆಗೆ.