ತಟ್ಟೆ ಏಕೆ ಅಪರೂಪವಾಯಿತು, ಹಾಡಿದವರು ಏಕೆ ಮರೆಯಾದರು: ಸೋಲ್ ಸಂಗೀತದ 45ಗಳ ಕುರಿತು ಒಂದು ಉಪನ್ಯಾಸ

ಸಭೆಗೆ ನಮಸ್ಕಾರ. ಸೋಲ್ ಎಂದರೆ ಅಮೆರಿಕದ ಕಪ್ಪು ಜನರ ಸಂಗೀತದ ಒಂದು ಪ್ರಕಾರ. 45 ಎಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಏಳು ಇಂಚಿನ ಗ್ರಾಮಫೋನ್ ತಟ್ಟೆ.

1965ರ ಕೊನೆಯಲ್ಲಿ ಅಮೆರಿಕದ ಮೋಟೌನ್ ಕಂಪನಿ ತನ್ನ ‘ಸೋಲ್’ ಎಂಬ ಉಪಲೇಬಲ್‌ನಲ್ಲಿ (ಲೇಬಲ್ ಎಂದರೆ ತಟ್ಟೆ ಹೊರತರುವ ಕಂಪನಿಯ ಹೆಸರು) 35019 ಸಂಖ್ಯೆಯ ಏಳು ಇಂಚಿನ ತಟ್ಟೆಯೊಂದನ್ನು ಸಿದ್ಧಪಡಿಸಿತು. ಹಾಡು ‘ಡೂ ಐ ಲವ್ ಯೂ’, ಹಾಡಿದವರು ಫ್ರಾಂಕ್ ವಿಲ್ಸನ್. ರೇಡಿಯೊಗೆ ಕಳಿಸುವ ಮಾದರಿ ಪ್ರತಿಗಳು ಅಚ್ಚಾದವು. ಅಷ್ಟರಲ್ಲಿ ಬಿಡುಗಡೆ ರದ್ದಾಯಿತು, ಅಚ್ಚಾದ ಪ್ರತಿಗಳಲ್ಲಿ ಹೆಚ್ಚಿನವು ನಾಶವಾದವು. ವಿಲ್ಸನ್ ಗಾಯಕನಾಗುವುದಕ್ಕಿಂತ ನಿರ್ಮಾಪಕನಾಗುವುದು ಮೇಲೆಂದು ಕಂಪನಿಯ ಒಡೆಯ ಬೆರ್ರಿ ಗಾರ್ಡಿಗೆ ಅನಿಸಿತ್ತು, ವಿಲ್ಸನ್ ಒಪ್ಪಿಕೊಂಡರು. ಮುಂದೆ ಸುಪ್ರೀಮ್ಸ್, ಫೋರ್ ಟಾಪ್ಸ್, ಎಡ್ಡಿ ಕೆಂಡ್ರಿಕ್ಸ್ ಇವರಿಗೆಲ್ಲ ದೊಡ್ಡ ಹಾಡುಗಳನ್ನು ಮಾಡಿಕೊಟ್ಟರು. ಅವರದೇ ದನಿಯ ತಟ್ಟೆ ಮಾತ್ರ ಬೆರಳೆಣಿಕೆಯಷ್ಟು ಉಳಿಯಿತು. 2009ರಲ್ಲಿ ಅದರ ಒಂದು ಪ್ರತಿ 25,742 ಪೌಂಡ್‌ಗೆ ಮಾರಾಟವಾಯಿತು.

ಅಪರೂಪದ ತಟ್ಟೆಗಳ ಬಗ್ಗೆ ಮಾತು ಬಂದಾಗ ಬೆಲೆಯ ಸುದ್ದಿಯೇ ಮೊದಲು ಬರುತ್ತದೆ. ನಾನು ಹೇಳಲು ಬಂದಿರುವುದು ಬೇರೆ. ಒಂದು ತಟ್ಟೆ ಯಾವ ಕಾರಣಕ್ಕೆ ಸಿಗದಂತಾಯಿತೋ, ಬಹುಪಾಲು ಅದೇ ಕಾರಣಕ್ಕೆ ಅದರಲ್ಲಿ ಹಾಡಿದವರೂ ಮರೆಯಾದರು. ಆ ಕಾರಣಗಳ ಗುರುತು ತಟ್ಟೆಯ ಮೇಲೆಯೇ ಇರುತ್ತದೆ. ಅದನ್ನು ಓದಲು ಕಲಿತರೆ ಮನುಷ್ಯರ ಜಾಡು ಸಿಗುತ್ತದೆ.

ಮೊದಲು ವ್ಯಾಪಾರದ ಕಥೆ. ಅರವತ್ತರ ದಶಕದಲ್ಲಿ ಡೆಟ್ರಾಯಿಟ್, ಷಿಕಾಗೊ, ಮೆಂಫಿಸ್, ಫಿಲಡೆಲ್ಫಿಯಾಗಳಲ್ಲಿ ನೂರಾರು ಚಿಕ್ಕ ಲೇಬಲ್‌ಗಳಿದ್ದವು. ಸಾಮಾನ್ಯವಾಗಿ 500 ಅಥವಾ 1,000 ಪ್ರತಿ ಅಚ್ಚು ಹಾಕಿಸಿ, ಅದರಲ್ಲೊಂದು ಪಾಲನ್ನು ಊರಿನ ರೇಡಿಯೊ ನಿರೂಪಕರಿಗೆ ಬಿಟ್ಟಿ ಹಂಚುತ್ತಿದ್ದರು. ಹಾಡು ಓಡದಿದ್ದರೆ ಉಳಿದ ಪ್ರತಿಗಳು ಗೋದಾಮು ಸೇರುತ್ತಿದ್ದವು. ಓಡಿದರೂ ಕಷ್ಟವೇ. ವಿತರಕ ಸಾಲಕ್ಕೆ ಒಯ್ಯುತ್ತಿದ್ದ, ಮಾರಾಟವಾಗದ್ದನ್ನು ಹಿಂತಿರುಗಿಸುವ ಹಕ್ಕು ಅವನಿಗಿತ್ತು, ಹಣ ಕೈಸೇರಲು ತಿಂಗಳುಗಳು ಬೇಕಿದ್ದವು. ಆದರೆ ಅಚ್ಚಿನ ಕಾರ್ಖಾನೆಗೆ ಮುಂಗಡ ಕೊಡಬೇಕು. ಬೇಡಿಕೆ ಏರಿದಷ್ಟೂ ಲೇಬಲ್‌ನ ಕೈ ಖಾಲಿ. ಹಾಡು ಗೆದ್ದದ್ದರಿಂದಲೇ ಮುಳುಗಿದ ಲೇಬಲ್‌ಗಳು ಈ ಚರಿತ್ರೆಯಲ್ಲಿ ಬಹಳ ಇವೆ.

ದಾಖಲೆಯೂ ಕೈಕೊಟ್ಟಿತು. ಅಮೆರಿಕದ ಸಂಗೀತ ವ್ಯಾಪಾರದ ಪತ್ರಿಕೆ ಬಿಲ್‌ಬೋರ್ಡ್ 1963ರ ನವೆಂಬರ್ ಕೊನೆಯಿಂದ 1965ರ ಜನವರಿಯವರೆಗೆ ತನ್ನ ರಿದಮ್ ಅಂಡ್ ಬ್ಲೂಸ್ ಪಟ್ಟಿಯನ್ನೇ, ಅಂದರೆ ಕಪ್ಪು ಜನರ ನಡುವೆ ಓಡುತ್ತಿದ್ದ ಹಾಡುಗಳ ಪಟ್ಟಿಯನ್ನೇ, ಪ್ರಕಟಿಸಲಿಲ್ಲ. ಆ ಹದಿನಾಲ್ಕು ತಿಂಗಳಲ್ಲಿ ಕಪ್ಪು ಜನರ ಬಡಾವಣೆಗಳಲ್ಲಿ ಮಾತ್ರ ಓಡಿದ ಹಾಡುಗಳಿಗೆ ಆ ಪತ್ರಿಕೆಯಲ್ಲಿ ಲೆಕ್ಕವಿಲ್ಲ. ‘ಪಟ್ಟಿಗೆ ಬಂದಿರಲಿಲ್ಲ’ ಎಂದು ಯಾರಾದರೂ 1964ರ ತಟ್ಟೆಯನ್ನು ತಳ್ಳಿಹಾಕಿದರೆ, ಪಟ್ಟಿಯೇ ಇರಲಿಲ್ಲ ಎಂದು ನೆನಪಿಸಿ.

ಇನ್ನು ಹೆಸರೇ ಬಾರದವರು. ಮೋಟೌನ್‌ನ ವಾದ್ಯಗಾರರ ತಂಡ ಫಂಕ್ ಬ್ರದರ್ಸ್. ನೂರಾರು ಹಾಡುಗಳಿಗೆ ನುಡಿಸಿದ ಇವರ ಹೆಸರುಗಳು ಮೋಟೌನ್ ಆಲ್ಬಮ್ ಒಂದರ ಹೊದಿಕೆಯಲ್ಲಿ ಅಚ್ಚಾಗಲು 1971ರ ಮಾರ್ವಿನ್ ಗೇ ಆಲ್ಬಮ್‌ವರೆಗೆ ಕಾಯಬೇಕಾಯಿತು. ರಾತ್ರಿ ಹೊತ್ತು ಇವರು ಗುಟ್ಟಾಗಿ ಎಡ್ ವಿಂಗೇಟ್ ಅವರ ಗೋಲ್ಡನ್ ವರ್ಲ್ಡ್ ಸ್ಟುಡಿಯೊಗೆ ಹೋಗಿ ರಿಕ್-ಟಿಕ್ ಲೇಬಲ್‌ಗೂ ನುಡಿಸುತ್ತಿದ್ದರು. ಡೆಟ್ರಾಯಿಟ್‌ನ ಚಿಕ್ಕ ಲೇಬಲ್‌ಗಳ ಎಷ್ಟೋ ತಟ್ಟೆಗಳು ಮೋಟೌನ್‌ನಂತೆಯೇ ಕೇಳಿಸುವುದಕ್ಕೆ ಇದೇ ಕಾರಣ: ಕೈಗಳು ಅವೇ. ಹಾಗೆಯೇ ಆಂಡಾಂಟೀಸ್. ಜಾಕಿ ಹಿಕ್ಸ್, ಮಾರ್ಲೀನ್ ಬ್ಯಾರೊ, ಲೂವೇನ್ ಡೆಂಪ್ಸ್ ಎಂಬ ಈ ಮೂವರು ಮೋಟೌನ್‌ನ ಎಣಿಸಲಾರದಷ್ಟು ಹಾಡುಗಳಿಗೆ ಹಿನ್ನೆಲೆ ದನಿ ಕೊಟ್ಟರು. ಅವರದೇ ಹೆಸರಿನ ಸಿಂಗಲ್ ಒಂದೇ ಒಂದು: 1964ರಲ್ಲಿ ಮೋಟೌನ್‌ನ ವಿ.ಐ.ಪಿ. ಎಂಬ ಉಪಲೇಬಲ್‌ನ 25006 ಸಂಖ್ಯೆಯ ತಟ್ಟೆ. ಅದರಲ್ಲೂ ಮುಖ್ಯ ದನಿ ಆ್ಯನ್ ಬೋಗನ್ ಅವರದು. ಆ ತಟ್ಟೆ ಇವತ್ತು ಮೋಟೌನ್ ಸಂಗ್ರಹಕಾರರಿಗೆ ಸಿಗುವುದೇ ಕಷ್ಟ.

ಈ ತಟ್ಟೆಗಳಿಗೆ ಎರಡನೇ ಬದುಕು ಸಿಕ್ಕಿದ್ದು ಹುಟ್ಟಿದ ನೆಲದಲ್ಲಲ್ಲ, ಉತ್ತರ ಇಂಗ್ಲೆಂಡಿನ ಕಾರ್ಖಾನೆ ಊರುಗಳಲ್ಲಿ. ಮ್ಯಾಂಚೆಸ್ಟರಿನ ಟ್ವಿಸ್ಟೆಡ್ ವೀಲ್, ಬ್ಲ್ಯಾಕ್‌ಪೂಲ್ ಮೆಕ್ಕಾ, 1973ರಿಂದ 1981ರವರೆಗೆ ನಡೆದ ವಿಗನ್ ಕಸೀನೊ, ಈ ನೃತ್ಯ ಕ್ಲಬ್‌ಗಳಲ್ಲಿ ಯುವಕರು ರಾತ್ರಿಯಿಡೀ ಕುಣಿದದ್ದು ಅಮೆರಿಕದಲ್ಲಿ ಸೋತ ಹಾಡುಗಳಿಗೆ. ಇದಕ್ಕೆ ‘ನಾರ್ದರ್ನ್ ಸೋಲ್’ ಎಂದು ಹೆಸರಿಟ್ಟವರು ಪತ್ರಕರ್ತ ಡೇವ್ ಗೋಡಿನ್. ಡಿಜೆಗಳ ನಡುವೆ ಪೈಪೋಟಿ ಎಷ್ಟಿತ್ತೆಂದರೆ ತಟ್ಟೆಯ ನಡುವಿನ ಹೆಸರಿನ ಚೀಟಿ, ಅದಕ್ಕೂ ಲೇಬಲ್ ಎನ್ನುತ್ತಾರೆ, ಅದರ ಮೇಲೆ ಬಿಳಿ ಕಾಗದ ಅಂಟಿಸಿ, ಸುಳ್ಳು ಹೆಸರು ಬರೆದು ಹಾಡು ಹಾಕುತ್ತಿದ್ದರು. ಫ್ರಾಂಕ್ ವಿಲ್ಸನ್ ಹಾಡು ಕೂಡ ಮೊದಲು ‘ಎಡ್ಡಿ ಫಾಸ್ಟರ್’ ಎಂಬ ಹೆಸರಲ್ಲಿ ಕೇಳಿಬಂತು. ಅದೇ ಹೆಸರಿನ ಕಳ್ಳ ಅಚ್ಚೂ ಹೊರಬಂತು. ಹಾಡು ಉಳಿಯಿತು, ಹಾಡಿದವರ ಹೆಸರು ಇನ್ನೊಮ್ಮೆ ಅಳಿಸಿಹೋಯಿತು. ಈ ಪದ್ಧತಿಯನ್ನು ಕೆಲವರು ಇಂದಿಗೂ ರಮ್ಯವಾಗಿ ವರ್ಣಿಸುತ್ತಾರೆ. ಕಲಾವಿದರ ಕಡೆಯಿಂದ ನೋಡಿದರೆ ಅದು ಅನ್ಯಾಯವೇ.

ಈಗ ತಟ್ಟೆಯನ್ನು ಕೈಗೆ ತೆಗೆದುಕೊಳ್ಳೋಣ. ಹಾಡು ಮುಗಿದ ಮೇಲೆ ಲೇಬಲ್‌ವರೆಗೆ ಖಾಲಿ ಇರುವ ಹೊಳಪಿನ ಪಟ್ಟಿಗೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ದೀಪದ ಕೆಳಗೆ ತಟ್ಟೆಯನ್ನು ಓರೆ ಹಿಡಿದು, ಹತ್ತುಪಟ್ಟು ಮಸೂರದಲ್ಲಿ ಅಲ್ಲಿನ ಅಕ್ಷರಗಳನ್ನು ಓದಿ. ತ್ರಿಕೋನದ ಪಕ್ಕದಲ್ಲಿ ಸಂಖ್ಯೆಯಿದ್ದರೆ ಅದು ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಅಚ್ಚು. ಆ ಸಂಖ್ಯೆಗಳು ಕ್ರಮವಾಗಿ ಏರುವುದರಿಂದ ಕಾಲ ಅಂದಾಜಾಗುತ್ತದೆ. ‘ಎಆರ್‌ಪಿ’ ಮುದ್ರೆಯಿದ್ದರೆ ಮಿಷಿಗನ್‌ನ ಒವಾಸೊ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್. ಡೆಟ್ರಾಯಿಟ್ ತಟ್ಟೆಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಆ ಕಾರ್ಖಾನೆ 1972ರಲ್ಲಿ ಸುಟ್ಟುಹೋಯಿತು; ಆದ್ದರಿಂದ ಆ ಮುದ್ರೆಯ ಅಚ್ಚು ಅದಕ್ಕಿಂತ ಹಿಂದಿನದು. ‘ಝಡ್‌ಟಿಎಸ್‌ಸಿ’ ಎಂದು ಶುರುವಾಗುವ ಸಂಖ್ಯೆ ಕೊಲಂಬಿಯಾ ಕಂಪನಿ ಹೊರಗಿನವರಿಗೆ ಮಾಡಿಕೊಟ್ಟ ಕೆಲಸ. ಆರ್‌ಸಿಎ ಕಂಪನಿ ಹೊರಗಿನವರಿಗೆ ಮಾಡಿಕೊಟ್ಟ ತಟ್ಟೆಗಳಲ್ಲಿ ಮೊದಲ ಅಕ್ಷರವೇ ವರ್ಷ: ಎಸ್ ಇದ್ದರೆ 1965, ಟಿ 1966, ಯು 1967. ಲೇಬಲ್ ಮೇಲೆ ವರ್ಷ ಅಚ್ಚಾಗದ ಕಾಲವದು. ಈ ಗುರುತುಗಳೇ ಪಂಚಾಂಗ.

ನಕಲಿಯನ್ನು ಹಿಡಿಯುವುದೂ ಇಲ್ಲಿಯೇ. ಮೂಲ ಅಚ್ಚಿನಲ್ಲಿ ಕಾರ್ಖಾನೆಯ ಮುದ್ರೆ ಯಂತ್ರದಿಂದ ಒತ್ತಿದ್ದು ಎಂದು ತಿಳಿದಿದ್ದರೆ, ನಿಮ್ಮ ಕೈಯಲ್ಲಿರುವ ತಟ್ಟೆಯಲ್ಲಿ ಬರೀ ಕೈಬರಹ ಇರುವುದು ಅನುಮಾನಕ್ಕೆ ಕಾರಣ. ಆದರೆ ಕೈಬರಹ ಇದ್ದ ಮಾತ್ರಕ್ಕೆ ನಕಲಿ ಎನ್ನಬೇಡಿ. ಚಿಕ್ಕ ಲೇಬಲ್‌ಗಳ ಎಷ್ಟೋ ಅಸಲಿ ತಟ್ಟೆಗಳಲ್ಲಿ ಸಂಖ್ಯೆಯನ್ನು ಗೀಚಿಯೇ ಬರೆದಿದ್ದಾರೆ. ಹೋಲಿಸಬೇಕಾದದ್ದು ದೃಢಪಟ್ಟ ಅಸಲಿ ಪ್ರತಿಯ ಚಿತ್ರದೊಡನೆ. ಎರಡನೆಯ ಪರೀಕ್ಷೆ ಲೇಬಲ್‌ನ ಮುದ್ರಣ. ಮೂಲ ಲೇಬಲ್‌ಗಳಲ್ಲಿ ಬಣ್ಣ ಒಂದೇ ಸಮ ತುಂಬಿರುತ್ತದೆ, ಅಕ್ಷರದ ಅಂಚು ಚೂಪು. ಚಿತ್ರ ತೆಗೆದು ಮರುಮುದ್ರಿಸಿದ್ದರೆ ಮಸೂರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಮೂರನೆಯದು ವಸ್ತು. ಮೂಲ ಅಚ್ಚು ಸ್ಟೈರೀನ್ ಎಂಬ ಗಡಸು ಪ್ಲಾಸ್ಟಿಕ್‌ನಲ್ಲಿ ಮಾತ್ರ ಬಂದಿದ್ದು ನಿಮ್ಮದು ವಿನೈಲ್ ಆಗಿದ್ದರೆ ಅಲ್ಲಿಗೆ ಮುಗಿಯಿತು.

ಸ್ಟೈರೀನ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೊಸಬರು ಹಣ ಕಳೆದುಕೊಳ್ಳುವುದು ಇಲ್ಲಿ. ವಿನೈಲ್ ತಟ್ಟೆಯನ್ನು ಬಿಸಿ ಉಂಡೆಯಿಂದ ಒತ್ತಿ ಮಾಡುತ್ತಾರೆ. ಲೇಬಲ್ ಅದರೊಳಗೇ ಕೂರುತ್ತದೆ. ಸ್ಟೈರೀನನ್ನು ಕರಗಿಸಿ ಅಚ್ಚಿಗೆ ತುಂಬುತ್ತಾರೆ. ಲೇಬಲನ್ನು ಆಮೇಲೆ ಅಂಟಿಸುತ್ತಾರೆ. ಸ್ಟೈರೀನ್ ತಟ್ಟೆ ಹಗುರ, ಬಿರುಸು, ಉಗುರಿನಿಂದ ತಟ್ಟಿದರೆ ಗಟ್ಟಿ ಪ್ಲಾಸ್ಟಿಕ್ಕಿನ ಸದ್ದು. ಬಾಗಿಸಿ ನೋಡಬೇಡಿ, ಸೀಳುತ್ತದೆ. ಸವೆದ ಮುಳ್ಳಿನಲ್ಲಿ ಕೆಲವೇ ಬಾರಿ ಹಾಕಿದರೂ ಗೆರೆ ಕೆಟ್ಟು ‘ಸ’ಕಾರಗಳು ಉಜ್ಜಿದಂತೆ ಕೇಳುತ್ತವೆ. ರೇಡಿಯೊ ಪ್ರತಿಗಳಲ್ಲಿ ಇನ್ನೊಂದು ತೊಂದರೆ: ಹಾಡು ಶುರುವಾಗುವ ಜಾಗಕ್ಕೆ ಮುಳ್ಳನ್ನು ತರಲು ನಿರೂಪಕರು ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು, ಹಾಗಾಗಿ ಮೊದಲ ಕೆಲವು ಸೆಕೆಂಡು ಬರೀ ಗೊರಗೊರ. ಇವು ಕಣ್ಣಿಗೆ ಕಾಣುವುದಿಲ್ಲ. ತಟ್ಟೆ ಹೊಳೆಯುತ್ತಿರುತ್ತದೆ, ‘ವಿಜಿ ಪ್ಲಸ್’ (ವೆರಿ ಗುಡ್ ಪ್ಲಸ್, ಅಂದರೆ ಬಹಳ ಚೆನ್ನಾಗಿದೆ) ಎಂದು ದರ್ಜೆ ಬರೆದಿರುತ್ತಾರೆ. ಆದ್ದರಿಂದ ಸ್ಟೈರೀನ್ ತಟ್ಟೆಯನ್ನು ನುಡಿಸಿ ಕೊಟ್ಟ ದರ್ಜೆಯಿಲ್ಲದೆ, ಮೊದಲ ಅರ್ಧ ನಿಮಿಷ ಕೇಳದೆ ಕೊಳ್ಳಬೇಡಿ.

ತೊಳೆಯುವ ಕ್ರಮ ಸರಳ. ಒಣ ಬ್ರಷ್‌ನಿಂದ ಧೂಳು ತೆಗೆಯಿರಿ. ಒಂದು ಲೀಟರ್ ಡಿಸ್ಟಿಲ್ಡ್ ವಾಟರ್‌ಗೆ ಫೋಟೊ ತೊಳೆಯುವವರು ಬಳಸುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ ಸಾಕು. ಮೆತ್ತನೆ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಅಡ್ಡಕ್ಕೆ ಎಂದೂ ಒರೆಸಬೇಡಿ. ಬಳಿಕ ಬರೀ ಡಿಸ್ಟಿಲ್ಡ್ ವಾಟರ್‌ನಲ್ಲಿ ಇನ್ನೊಮ್ಮೆ. ನಲ್ಲಿನೀರು ಬೇಡ, ಅದರ ಲವಣ ಗೆರೆಯಲ್ಲೇ ಕೂರುತ್ತದೆ. ಲೇಬಲ್‌ಗೆ ನೀರು ತಾಕಿದರೆ ಸ್ಟೈರೀನ್ ತಟ್ಟೆಯಲ್ಲಿ ಅಂಟು ಬಿಡುತ್ತದೆ. ಬಿಸಿಗಾಳಿ ಬೇಡ, ನೆಟ್ಟಗೆ ನಿಲ್ಲಿಸಿ ಆರಲು ಬಿಡಿ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕಾಗದದ ಹಳೆ ಹೊದಿಕೆಗೆ ಬೂಷ್ಟು ಹಿಡಿದು ತಟ್ಟೆಗೂ ದಾಟುತ್ತದೆ. ಒಳಗೆ ಪಾಲಿಥೀನ್ ಹೊದಿಕೆ ಹಾಕಿ, ಹಳೆಯದನ್ನು ಬೇರೆ ಇಡಿ.

ನುಡಿಸುವಾಗ ಎರಡು ವಿಷಯ. ಕನ್ನಡ ಚಿತ್ರಗೀತೆಗಳ ಇ.ಪಿ. ತಟ್ಟೆ ಕಂಡವರಿಗೆ ಚಿಕ್ಕ ತೂತು ಗೊತ್ತು. ಅಮೆರಿಕದ 45ಕ್ಕೆ ಒಂದೂವರೆ ಇಂಚಿನ ದೊಡ್ಡ ತೂತು, ನಡುವೆ ಕೂರುವ ಅಡಾಪ್ಟರ್ ಬೇಕು. ಅದು ಸಡಿಲವಾದರೆ ಶ್ರುತಿ ತೂಗಾಡುತ್ತದೆ. ಇನ್ನೊಂದು, ಆ ಕಾಲದ ಸೋಲ್ 45ಗಳು ಹೆಚ್ಚಿನಂಶ ಮೊನೊ. ಆಂಪ್ಲಿಫೈಯರ್‌ನಲ್ಲಿ ಮೊನೊ ಗುಂಡಿ ಇದ್ದರೆ ಒತ್ತಿ. ಗೆರೆಯ ಮೇಲು ಕೆಳಗಿನ ಚಲನೆಯಿಂದ ಬರುವ ಸದ್ದು ಅಳಿದು ಹಾಡು ತಿಳಿಯಾಗುತ್ತದೆ.

ಇನ್ನು ಹಾಡಿದವರನ್ನು ಹುಡುಕುವ ಕೆಲಸ. ಲೇಬಲ್‌ನ ಅತಿ ಚಿಕ್ಕ ಅಕ್ಷರಗಳಲ್ಲೇ ಹೆಚ್ಚು ಮಾಹಿತಿ. ಕಂಸದೊಳಗಿನ ಹೆಸರುಗಳು ಹಾಡು ಬರೆದವರದು. ಪಕ್ಕದಲ್ಲಿ ಪ್ರಕಾಶನದ ಹೆಸರು, ಜೊತೆಗೆ ಬಿಎಂಐ ಅಥವಾ ಆಸ್ಕ್ಯಾಪ್, ಅಂದರೆ ಹಾಡು ಬರೆದವರಿಗೆ ಬರಬೇಕಾದ ಹಣ ಸಂಗ್ರಹಿಸಿ ಹಂಚುವ ಸಂಸ್ಥೆ. ಈ ಎರಡು ಸಂಸ್ಥೆಗಳ ಪಟ್ಟಿಗಳನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಹಾಡಿನ ಹೆಸರು ಹಾಕಿದರೆ ಬರೆದವರ ಪೂರ್ತಿ ಹೆಸರು ಸಿಗುವುದುಂಟು, ಗಾಯಕರೇ ಬರೆದಿದ್ದರೆ ಅಲ್ಲಿಗೆ ನಿಜ ಹೆಸರು ಸಿಕ್ಕಂತೆ. ಅಮೆರಿಕದ ಕೃತಿಸ್ವಾಮ್ಯ ಕಚೇರಿ ಅಚ್ಚು ಹಾಕಿಸುತ್ತಿದ್ದ ನೋಂದಣಿ ಸಂಪುಟಗಳು ಡಿಜಿಟಲ್ ಆಗಿ ಉಚಿತವಾಗಿವೆ. ಅವುಗಳಲ್ಲಿ ನೋಂದಣಿ ದಿನಾಂಕವಿದೆ, ಗುಪ್ತನಾಮವೆಂದು ಕಚೇರಿಗೆ ತಿಳಿಸಿದ್ದರೆ ಅದೂ ಇದೆ. ಲೇಬಲ್‌ನ ವಿಳಾಸ ಇದ್ದರೆ ಆ ಊರಿನ ಹಳೆಯ ಪತ್ರಿಕೆ, ಗ್ರಂಥಾಲಯ, ಚರ್ಚು. ಸೋಲ್ ಗಾಯಕರಲ್ಲಿ ಬಹಳ ಮಂದಿ ಚರ್ಚಿನಿಂದ ಬಂದವರು, ಅಲ್ಲಿಗೇ ಮರಳಿದವರು.

ಲೇಬಲ್ ಮೇಲಿನ ಹೆಸರನ್ನೂ ಪೂರ್ತಿ ನಂಬುವಂತಿಲ್ಲ. ಡ್ಯಾರೆಲ್ ಬ್ಯಾಂಕ್ಸ್ 1966ರಲ್ಲಿ ಡೆಟ್ರಾಯಿಟ್‌ನ ರೆವಿಲಾಟ್ ಲೇಬಲ್‌ಗೆ ಹಾಡಿದ ‘ಓಪನ್ ದ ಡೋರ್ ಟು ಯುವರ್ ಹಾರ್ಟ್’ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎರಡನೇ ಸ್ಥಾನ ಮುಟ್ಟಿತು. ಅದನ್ನು ಬರೆದದ್ದು ತಾನೆಂದು ಗಾಯಕ ಡಾನಿ ಎಲ್ಬರ್ಟ್ ಹಕ್ಕು ಹೂಡಿದರು. ಬ್ರಿಟನ್ನಿನಲ್ಲಿ ಹಕ್ಕಿನ ಜಗಳದಿಂದ ಲಂಡನ್ ಲೇಬಲ್‌ನ ಅಚ್ಚು ಹಿಂದಕ್ಕೆ ಹೋಯಿತು, ಸ್ಟೇಟ್‌ಸೈಡ್ ಅಚ್ಚು ಅಂಗಡಿಗೆ ಬಂತು. ಇವತ್ತು ಸಂಗ್ರಹಕಾರರು ಹುಡುಕುವುದು ಆ ಲಂಡನ್ ಪ್ರತಿಯನ್ನು. ಬ್ಯಾಂಕ್ಸ್ ಈ ಹುಡುಕಾಟವನ್ನು ನೋಡಲಿಲ್ಲ. 1970ರಲ್ಲಿ ಡೆಟ್ರಾಯಿಟ್‌ನಲ್ಲಿ ಗುಂಡೇಟಿಗೆ ಬಲಿಯಾದಾಗ ಅವರಿಗೆ 32 ವರ್ಷ.

ಹಣದ ಮಾತು ಕೊನೆಗೆ. ಹಳೆಯ ತಟ್ಟೆ ಎಷ್ಟಕ್ಕೇ ಕೈಬದಲಾದರೂ ಹಾಡಿದವರಿಗೆ ಬರುವುದು ಸೊನ್ನೆ. ಅಮೆರಿಕದ ಸಾಮಾನ್ಯ ರೇಡಿಯೊ ಹಾಡು ಬರೆದವರಿಗೆ, ಪ್ರಕಾಶಕರಿಗೆ ಹಣ ಕೊಡುತ್ತದೆ, ಹಾಡಿದವರಿಗೆ ಕೊಡುವುದಿಲ್ಲ. 1972ರ ಫೆಬ್ರವರಿ 15ಕ್ಕಿಂತ ಹಿಂದಿನ ಧ್ವನಿಮುದ್ರಣಗಳಿಗೆ ಒಕ್ಕೂಟ ಕಾನೂನಿನ ರಕ್ಷಣೆಯೇ ಇರಲಿಲ್ಲ; 2018ರ ಮ್ಯೂಸಿಕ್ ಮಾಡರ್ನೈಸೇಷನ್ ಕಾಯ್ದೆ ಅದನ್ನು ಸರಿಪಡಿಸಿತು. ಈಗ ಅಂತರ್ಜಾಲ ರೇಡಿಯೊ ಕೊಡುವ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆ ಹಂಚುತ್ತದೆ: 50 ಶೇಕಡ ಹಕ್ಕುದಾರರಿಗೆ, 45 ಮುಖ್ಯ ಕಲಾವಿದರಿಗೆ, 5 ಹಿನ್ನೆಲೆಯವರ ನಿಧಿಗೆ. ನೋಂದಾಯಿಸದವರ ಪಾಲು ಕೈಸೇರುವುದಿಲ್ಲ. ಹಳೆಯ ಕಲಾವಿದರೊಬ್ಬರ ಜಾಡು ನಿಮಗೆ ಸಿಕ್ಕಿ, ಅವರ ಕುಟುಂಬಕ್ಕೆ ಪತ್ರ ಬರೆಯುವುದಾದರೆ, ಸಹಿ ಕೇಳುವ ಮೊದಲು ಈ ನೋಂದಣಿಯ ವಿಷಯ ತಿಳಿಸಿ.

ಮರುಮುದ್ರಣಗಳಲ್ಲಿಯೂ ಆಯ್ಕೆ ಇದೆ. ಒಹಾಯೊದ ಕೊಲಂಬಸ್‌ನಲ್ಲಿ ರೇಡಿಯೊ ನಿರೂಪಕ ಬಿಲ್ ಮಾಸ್ ಎಪ್ಪತ್ತರ ದಶಕದ ಆರಂಭದಲ್ಲಿ ಕ್ಯಾಪ್‌ಸೋಲ್ ಎಂಬ ಲೇಬಲ್ ನಡೆಸಿದರು. ಮೇರಿಯನ್ ಬ್ಲ್ಯಾಕ್, ಫೋರ್ ಮಿಂಟ್ಸ್ ಮೊದಲಾದವರ ಹನ್ನೆರಡರ ಆಸುಪಾಸು ತಟ್ಟೆ ತಂದು ಅದು ಮುಚ್ಚಿತು. ಷಿಕಾಗೊದ ನ್ಯೂಮೆರೊ ಗ್ರೂಪ್ 2004ರಲ್ಲಿ ತನ್ನ ಮೊಟ್ಟಮೊದಲ ಪ್ರಕಟಣೆಯಾಗಿ ಆ ಹಾಡುಗಳನ್ನು ಪರವಾನಗಿ ಪಡೆದು, ಕಲಾವಿದರ ಕಥೆಯೊಂದಿಗೆ ಹೊರತಂದಿತು. ಮಾಸ್ ತೀರಿಕೊಂಡದ್ದು 2005ರಲ್ಲಿ. ಅಷ್ಟರೊಳಗೆ ಆ ಪ್ರಕಟಣೆ ಅವರ ಕೈಸೇರಿತ್ತು. ಮರುಮುದ್ರಣ ಕೊಳ್ಳುವಾಗ ಹೊದಿಕೆಯ ಹಿಂದೆ ಪರವಾನಗಿ ಕೊಟ್ಟವರ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ, ಎಷ್ಟೇ ಅಂದದ ಅಚ್ಚಾಗಿರಲಿ, ಅಂಗಡಿಯಲ್ಲೇ ಬಿಟ್ಟು ಬನ್ನಿ.